ವೈದ್ಯವಿದ್ಯೆಯ ಬಾಗಿಲಲ್ಲಿ: ಪ್ರವೇಶದ ನಿರೀಕ್ಷೆಗೆ ಒಂದು ಶತಮಾನ



ನಮ್ಮ ನಾಡಿನ ಒಕ್ಕಲು ಮನೆಗಳಲ್ಲಿ ಮುಂಗಾರಿನ ದಿನಗಳೆಂದರೆ ಕಾಯುವ ದಿನಗಳು. ಬಿತ್ತಿದವನು ಮಳೆಗಾಗಿ ಮುಗಿಲು ನೋಡುತ್ತಾನೆ. ಮಕ್ಕಳನ್ನು ವೈದ್ಯರನ್ನಾಗಿ ಮಾಡಬೇಕೆಂಬ ಹಂಬಲವುಳ್ಳ ಮನೆಗಳಲ್ಲಿ ಅದೇ ದಿನಗಳಲ್ಲಿ ಇನ್ನೊಂದು ನಿರೀಕ್ಷೆಯೂ ನಡೆದಿರುತ್ತದೆ. ಪರೀಕ್ಷೆ ಮುಗಿದಿದೆ, ಅಂಕಗಳು ಬಂದಿವೆ. ಆದರೆ ಸೀಟು ದೊರೆಯುವುದೋ ಇಲ್ಲವೋ, ದೊರೆತರೆ ಯಾವ ಊರಿನಲ್ಲಿ, ಎಷ್ಟು ಶುಲ್ಕಕ್ಕೆ ಎಂಬುದು ತಿಳಿದಿಲ್ಲ. ಮಗಳನ್ನು ಬಿ.ಎಸ್‌ಸಿ.ಗೆ ಸೇರಿಸಿಬಿಡಬೇಕೆ, ಇನ್ನೂ ಹದಿನೈದು ದಿನ ನೋಡಬೇಕೆ? ಹೊಲದ ಮೇಲೆ ಸಾಲ ತೆಗೆಯಬೇಕೆ, ಬೇಡವೆ? ಇಂಥ ಪ್ರಶ್ನೆಗಳು ಆ ಮನೆಯ ನಿದ್ದೆಯನ್ನು ಕೆಡಿಸುತ್ತವೆ.

ಈ ಕಾಯುವಿಕೆಯನ್ನು ನಾವು ಸಾಮಾನ್ಯವಾಗಿ ಹಣೆಯಬರಹವೆಂದು ಸಹಿಸಿಕೊಳ್ಳುತ್ತೇವೆ. ಆದರೆ ಮಳೆಗೂ ಸೀಟಿಗೂ ಒಂದು ಭೇದವುಂಟು. ಮಳೆ ತಡವಾದರೆ ಅದನ್ನು ಯಾರೂ ಕಾರಣ ಕೇಳಲಾಗದು. ಸೀಟಿನ ತೀರ್ಮಾನವನ್ನು ಮಾಡುವವರು ಮನುಷ್ಯರು. ಅವರು ಅನುಸರಿಸುವುದು ಮನುಷ್ಯರೇ ಬರೆದ ನಿಯಮಗಳನ್ನು. ಆದುದರಿಂದ ಆ ಕಾಯುವಿಕೆಗೆ ಒಂದು ಇತಿಹಾಸವಿದೆ. ಕಳೆದ ಒಂದು ನೂರು ವರ್ಷಗಳ ಆ ಇತಿಹಾಸವನ್ನು ಪರಿಶೀಲಿಸಿದರೆ, ಕಾಯುವವನು ಎರಡು ಹಕ್ಕುಗಳನ್ನು ಗಳಿಸಿಕೊಂಡಿರುವುದು ಕಂಡುಬರುತ್ತದೆ. ಮೊದಲನೆಯದು, ತನ್ನನ್ನು ಏಕೆ ಆರಿಸಿದರು ಅಥವಾ ಏಕೆ ಬಿಟ್ಟರು ಎಂಬ ಕಾರಣವನ್ನು ತಿಳಿಯುವ ಹಕ್ಕು. ಎರಡನೆಯದು, ಕಾಯುವಿಕೆಗೆ ಒಂದು ಕೊನೆಯ ದಿನವಿರಬೇಕೆಂಬ ಹಕ್ಕು. ಇವೆರಡೂ ತಾವಾಗಿ ಬಂದವುಗಳಲ್ಲ. ಮೂರನೆಯದೊಂದು ಇನ್ನೂ ದೊರೆಯಬೇಕಾಗಿದೆ. ಅದರ ವಿಚಾರವನ್ನು ಲೇಖನದ ಕಡೆಯಲ್ಲಿ ತಮ್ಮ ಮುಂದಿಡುತ್ತೇನೆ.

ಪರಸ್ಥಳದಿಂದ ಬರುವ ಪತ್ರ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1924ರಲ್ಲಿ, ಮೈಸೂರು ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ, 1917ರಿಂದ, ಅಲ್ಲಿ ಎಲ್.ಎಂ.ಪಿ. ಶಿಕ್ಷಣ ನೀಡುವ ವೈದ್ಯಕೀಯ ಶಾಲೆಯಿದ್ದಿತು. 1930ರಲ್ಲಿ ಕಾಲೇಜು ಮೈಸೂರು ನಗರಕ್ಕೆ ಸ್ಥಳಾಂತರಗೊಂಡಿತು. ಇಂದಿನ ಕರ್ನಾಟಕದ ಎಲ್ಲೆಯೊಳಗೆ 1953ರವರೆಗೆ ಇದ್ದ ವೈದ್ಯಕೀಯ ಕಾಲೇಜು ಇದೊಂದೇ ಎಂದರೆ ಇಂದಿನ ಓದುಗರಿಗೆ ಆಶ್ಚರ್ಯವಾಗಬಹುದು.

ಅದೂ ಹಳೆಯ ಮೈಸೂರು ಸಂಸ್ಥಾನದ ಸ್ವತ್ತು. ಕನ್ನಡ ನಾಡು ಅಂದು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತಷ್ಟೆ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳ ವಿದ್ಯಾರ್ಥಿ ಮುಂಬಯಿಯ ಕಡೆಗೆ ನೋಡಬೇಕಾಗಿತ್ತು. ಅಲ್ಲಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜು 1845ರಷ್ಟು ಹಳೆಯದು. ಮಂಗಳೂರು, ಬಳ್ಳಾರಿಗಳ ವಿದ್ಯಾರ್ಥಿಗೆ ಮದರಾಸು; ಅಲ್ಲಿಯ ಕಾಲೇಜಿನ ಆರಂಭ 1835ರಲ್ಲಿ. ಕಲಬುರ್ಗಿ, ಬೀದರ, ರಾಯಚೂರುಗಳ ವಿದ್ಯಾರ್ಥಿಗೆ ಹೈದರಾಬಾದು. ನಿಜಾಮರ ಕಾಲದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯವಿದ್ಯೆಯನ್ನು ಸಹ ಉರ್ದು ಭಾಷೆಯಲ್ಲಿಯೇ ಬೋಧಿಸುತ್ತಿದ್ದರು. ಹೀಗೆ ಬಹುಪಾಲು ಕನ್ನಡಿಗ ವಿದ್ಯಾರ್ಥಿಗಳ ಭವಿಷ್ಯವು ಪರಭಾಷೆಯ ನಗರದಲ್ಲಿ ನಿರ್ಣಯವಾಗಿ, ಅಂಚೆಯವನ ಚೀಲದಲ್ಲಿ ಹಳ್ಳಿಗೆ ಬರಬೇಕಾಗಿತ್ತು.

ಆ ಕಾಲದಲ್ಲಿ ಎಲ್.ಎಂ.ಪಿ. ಎಂಬ ಕಿರಿದಾದ ದಾರಿಯೊಂದು ಇದ್ದಿತು. ಪದವಿಗೆ ಸ್ಥಾನ ದೊರೆಯದವರು, ದೀರ್ಘಕಾಲದ ಓದಿನ ವೆಚ್ಚವನ್ನು ಭರಿಸಲಾರದವರು ವೈದ್ಯಕೀಯ ಶಾಲೆ ಸೇರಿ ಅಲ್ಪಾವಧಿಯಲ್ಲಿ ವೈದ್ಯರಾಗುತ್ತಿದ್ದರು. ನಮ್ಮ ತಾಲ್ಲೂಕು ಊರುಗಳ ಎಷ್ಟೋ ಮಂದಿ ಹಿರಿಯ ಡಾಕ್ಟರುಗಳ ಫಲಕದಲ್ಲಿ ಆ ಮೂರು ಅಕ್ಷರಗಳು ಇದ್ದುದನ್ನು ವಯಸ್ಸಾದ ವಾಚಕರು ಬಲ್ಲರು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು 1946ರಲ್ಲಿ ನೀಡಿದ ವರದಿಯಲ್ಲಿ, ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯ ಸಾಕು, ಈ ಎರಡನೆಯ ತರಗತಿ ಬೇಡ ಎಂದು ಸೂಚಿಸಿತು. ರೋಗಿಯ ಹಿತಕ್ಕೆ ಅದು ಒಳ್ಳೆಯ ಸೂಚನೆಯೇ ಸರಿ. ಆದರೆ ಕಿರುದಾರಿ ಮುಚ್ಚಿದ ಮೇಲೆ ಎಲ್ಲರೂ ಒಂದೇ ಬಾಗಿಲಿಗೆ ಬಂದು ನಿಂತರು. ಆ ಬಾಗಿಲಿನ ಮುಂದಿನ ಸಾಲು ಉದ್ದವಾಯಿತು.

ಹದಿನಾಲ್ಕರ ಲೆಕ್ಕ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮದರಾಸು ರಾಜ್ಯದಲ್ಲಿ ನಾಲ್ಕು ಸರ್ಕಾರಿ ವೈದ್ಯಕೀಯ ಕಾಲೇಜುಗಳಿದ್ದವು. ಸ್ಥಾನಗಳು ಒಟ್ಟು 330. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಆಗ ಆ ರಾಜ್ಯದಲ್ಲಿಯೇ ಇದ್ದುದರಿಂದ ಈ ಲೆಕ್ಕ ಕನ್ನಡಿಗರಿಗೂ ಸಂಬಂಧಿಸಿದ್ದು. ಸ್ಥಾನಗಳನ್ನು ಜಾತಿವಾರು ಆಜ್ಞೆಯೊಂದರ ಪ್ರಕಾರ ಹಂಚುತ್ತಿದ್ದರು. ಪ್ರತಿ 14 ಸ್ಥಾನಗಳಲ್ಲಿ ಬ್ರಾಹ್ಮಣೇತರ ಹಿಂದುಗಳಿಗೆ 6, ಹಿಂದುಳಿದ ಹಿಂದುಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ 1, ಮುಸಲ್ಮಾನರಿಗೆ 1 ಎಂಬುದು ಆ ಲೆಕ್ಕ.

1950ರ ಜೂನ್ 7ರಂದು ಚಂಪಕಂ ದೊರೈರಾಜನ್ ಎಂಬ ಮಹಿಳೆ ಮದರಾಸು ಉಚ್ಚ ನ್ಯಾಯಾಲಯಕ್ಕೆ ಮನವಿ ಸಲ್ಲಿಸಿದರು. ಹುಟ್ಟಿನ ಕಾರಣದಿಂದ ತನಗೆ ವೈದ್ಯಕೀಯ ಪ್ರವೇಶ ದೊರೆಯದೆಂಬುದು ಅವರ ದೂರು. ಅವರು ಅರ್ಜಿಯನ್ನೇ ಹಾಕಿರಲಿಲ್ಲ. ವಿಚಾರಿಸಿದಾಗ ತಮ್ಮ ಸಮುದಾಯಕ್ಕೆ ಮೀಸಲಾದ ಲೆಕ್ಕದಲ್ಲಿ ಸ್ಥಾನ ಸಿಗಲಾರದೆಂದು ಅವರಿಗೆ ಮೊದಲೇ ತಿಳಿದಿತ್ತು. ಉಚ್ಚ ನ್ಯಾಯಾಲಯವೂ, ಬಳಿಕ 1951ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯವೂ ಆ ಆಜ್ಞೆ ಸಂವಿಧಾನಬಾಹಿರವೆಂದು ಸಾರಿದವು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತಲೆಮಾರುಗಳಿಂದ ಅಕ್ಷರದ ಬಾಗಿಲಲ್ಲಿಯೇ ನಿಂತಿದ್ದವರು ಇನ್ನೆಷ್ಟು ಕಾಲ ಕಾಯಬೇಕೆಂಬ ಪ್ರಶ್ನೆ ಅಷ್ಟೇ ನ್ಯಾಯವಾದದ್ದು. ಅದಕ್ಕೆ ಉತ್ತರವಾಗಿ ಅದೇ ವರ್ಷದ ಜೂನ್ ತಿಂಗಳಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿ ಬಂದಿತು. ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳಿಗೂ ಪರಿಶಿಷ್ಟ ಜಾತಿ ಪಂಗಡಗಳಿಗೂ ವಿಶೇಷ ಅವಕಾಶ ಕಲ್ಪಿಸಲು 15ನೆಯ ಅನುಚ್ಛೇದಕ್ಕೆ ನಾಲ್ಕನೆಯ ಉಪವಿಭಾಗ ಸೇರಿತು. ವೈದ್ಯಕೀಯ ಸೀಟಿಗಾಗಿ ಹುಟ್ಟಿದ ಒಂದು ವ್ಯಾಜ್ಯದಿಂದ ದೇಶದ ಸಂವಿಧಾನವೇ ತಿದ್ದುಪಡಿಯಾಯಿತೆಂಬುದನ್ನು ವಾಚಕರು ಮರೆಯಬಾರದು.

ಸಂದರ್ಶನದ ಕೋಣೆ

ಏಕೀಕರಣದ ಹಿಂದೆಮುಂದೆ ನಮ್ಮಲ್ಲಿ ಕಾಲೇಜುಗಳು ಹೆಚ್ಚತೊಡಗಿದವು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಆರಂಭವಾಯಿತು. ‘ಕೊರವಂಜಿ’ಯ ರಾಶಿ ಎಂದು ಕನ್ನಡಿಗರೆಲ್ಲ ಬಲ್ಲ ಡಾ. ಎಂ. ಶಿವರಾಂ ಅವರ ಪರಿಶ್ರಮ ಅದರ ಹಿಂದೆ ಇದ್ದಿತು. 1957ರಲ್ಲಿ ಹುಬ್ಬಳ್ಳಿ, 1961ರಲ್ಲಿ ಬಳ್ಳಾರಿ, 1963ರಲ್ಲಿ ಬೆಳಗಾವಿ ಮತ್ತು ಕಲಬುರ್ಗಿ, 1965ರಲ್ಲಿ ದಾವಣಗೆರೆ ಹೀಗೆ ಸಾಲು ಬೆಳೆಯಿತು. ಬೆಳಗಾವಿಯ ಕಾಲೇಜು, 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯದು. ಮುಂದೆ 1984ರಲ್ಲಿ ಸುತ್ತೂರು ಮಠದ ಜಗದ್ಗುರು ಶ್ರೀ ಶಿವರಾತ್ರೀಶ್ವರ ವಿದ್ಯಾಪೀಠವು ಮೈಸೂರಿನಲ್ಲಿಯೂ, 1986ರಲ್ಲಿ ಫ.ಗು. ಹಳಕಟ್ಟಿಯವರು ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯು ವಿಜಾಪುರದಲ್ಲಿಯೂ ಇದೇ ಕಾರ್ಯಕ್ಕೆ ಕೈಹಾಕಿದವು.

ಕಾಲೇಜುಗಳು ಹೆಚ್ಚಿದಂತೆ ಅವುಗಳ ಬಾಗಿಲಲ್ಲಿ ಯಾರನ್ನು ಹೇಗೆ ಆರಿಸಬೇಕೆಂಬ ಜಿಜ್ಞಾಸೆಯೂ ಹೆಚ್ಚಿತು. 1962ರ ಜುಲೈ 31ರಂದು ಮೈಸೂರು ಸರ್ಕಾರವು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68ರಷ್ಟು ಸ್ಥಾನಗಳನ್ನು ಮೀಸಲಿರಿಸಿ ಆಜ್ಞೆ ಹೊರಡಿಸಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ಪಂಗಡಗಳಿಗೆ 3. ಅರ್ಜಿ ಹಾಕಿ ಕಾದಿದ್ದ ಕೆಲವು ವಿದ್ಯಾರ್ಥಿಗಳು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಸೆಪ್ಟೆಂಬರ್ 28ರಂದು ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು ನೀಡಿದ ‘ಬಾಲಾಜಿ’ ತೀರ್ಪು ಆ ಆಜ್ಞೆಯನ್ನು ರದ್ದುಪಡಿಸಿ, ವಿಶೇಷ ಅವಕಾಶವು ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕೆಂದು ಹೇಳಿತು. ಆ ನ್ಯಾಯಮೂರ್ತಿಗಳು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು ಎಂಬುದನ್ನೂ ಇಲ್ಲಿ ಸ್ಮರಿಸಬಹುದು.

ಮರುವರ್ಷವೇ ಹೊಸ ಕ್ರಮ ಬಂದಿತು. ಜಾತಿಯ ಬದಲು, ವರ್ಷಕ್ಕೆ 1,200 ರೂಪಾಯಿಗಿಂತ ಹೆಚ್ಚಿಲ್ಲದ ಆದಾಯ ಹಾಗೂ ಬೇಸಾಯ, ಕುಶಲಕರ್ಮ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಮೈಮುರಿದು ದುಡಿಯುವ ಕೂಲಿ ಮುಂತಾದ ಕಸುಬುಗಳನ್ನು ಹಿಂದುಳಿದಿರುವಿಕೆಯ ಗುರುತೆಂದು ಹಿಡಿದರು. ಅದರ ಜೊತೆಗೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟರು. ಐಚ್ಛಿಕ ವಿಷಯಗಳಿಗೆ 300 ಅಂಕಗಳೆಂದು ಇಟ್ಟುಕೊಂಡರೆ ಸಂದರ್ಶನಕ್ಕೆ 75. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗದ ಹಿರಿಮೆ, ಎನ್.ಸಿ.ಸಿ., ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಇವನ್ನೆಲ್ಲ ನೋಡಿ ಅಂಕ ಕೊಡಬೇಕೆಂದು ನಿಯಮ.

ಎತ್ತಿನ ಗಾಡಿಯಲ್ಲಿ ಪೇಟೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಸಂದರ್ಶನಕ್ಕೆ ಹೋಗುವ ಹುಡುಗನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಅವನ ಹೈಸ್ಕೂಲಿನಲ್ಲಿ ಎನ್.ಸಿ.ಸಿ. ಇರಲಿಲ್ಲ. ಚರ್ಚಾಸ್ಪರ್ಧೆಯ ಹೆಸರನ್ನೇ ಅವನು ಕೇಳಿರಲಾರನು. ಲಿಖಿತ ಪರೀಕ್ಷೆಯಲ್ಲಿ ಅವನು ಪಡೆದ ಅಂಕ ಎಲ್ಲರ ಕಣ್ಣೆದುರಿಗಿದೆ. ಆದರೆ ಕೋಣೆಯೊಳಗೆ ಕೆಲವೇ ನಿಮಿಷಗಳಲ್ಲಿ ನಡೆದ ಮಾತುಕತೆಗೆ ಎಷ್ಟು ಅಂಕ ಬಂದಿತು, ಏಕೆ ಬಂದಿತು ಎಂದು ಅಳೆದು ನೋಡುವ ಬಗೆಯಿಲ್ಲ. ಹೀಗಾಗಿ ಅವನ ಕಾಯುವಿಕೆಯಲ್ಲಿ ಸಂಶಯವೂ ಬೆರೆಯಿತು. ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಹೆಸರಿನಲ್ಲಿರುವ ಮೊಕದ್ದಮೆಯಲ್ಲಿ ಈ ಕ್ರಮವನ್ನು ಪ್ರಶ್ನಿಸಲಾಯಿತು. 1964ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತದ ತೀರ್ಪು ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ದುರುಪಯೋಗದ ಸಾಧ್ಯತೆ ಇದೆ ಎಂದ ಮಾತ್ರಕ್ಕೆ ಪದ್ಧತಿಯೇ ತಪ್ಪಾಗದೆಂದು ಅಭಿಪ್ರಾಯಪಟ್ಟಿತು.

ಹದಿನಾರು ವರ್ಷಗಳ ಬಳಿಕ, 1980ರ ನವೆಂಬರಿನಲ್ಲಿ, ಶ್ರೀನಗರದ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಸಂಬಂಧಿಸಿದ ‘ಅಜಯ್ ಹಸಿಯಾ’ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಬೇರೆ ದನಿಯಲ್ಲಿ ಮಾತನಾಡಿತು. ಎರಡು ಮೂರು ನಿಮಿಷಗಳ ಸಂದರ್ಶನಕ್ಕೆ ಮೂರನೆಯ ಒಂದು ಪಾಲು ಅಂಕ ಕೊಡುವುದು ಸ್ವೇಚ್ಛೆಯಾಗುತ್ತದೆ, ಶೇ. 15ನ್ನು ಮೀರಬಾರದು ಎಂದಿತು. ಮುಚ್ಚಿದ ಕೋಣೆಯ ಅಧಿಕಾರ ಅಂದಿನಿಂದ ಕುಗ್ಗುತ್ತ ಹೋಯಿತು.

ಹಣದ ಬಾಗಿಲು

ಒಂದು ಬಾಗಿಲಿನಲ್ಲಿ ಬೆಳಕು ಬೀಳುತ್ತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದುಕೊಂಡಿತ್ತು. ಖಾಸಗಿ ಕಾಲೇಜುಗಳಲ್ಲಿ ತಲೆವರಿ ಎಂಬ ಕ್ಯಾಪಿಟೇಷನ್ ಶುಲ್ಕದ ರೂಢಿ ಬೆಳೆಯಿತು. ಹಣವುಳ್ಳವನಿಗೆ ಕಾಯುವ ಕಷ್ಟವೇ ಇರಲಿಲ್ಲ. ಹಣವಿಲ್ಲದವನು ಎಷ್ಟು ಕಾದರೂ ಆ ಬಾಗಿಲು ಅವನದಾಗುತ್ತಿರಲಿಲ್ಲ. ಕರ್ನಾಟಕ ಸರ್ಕಾರವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ತಂದಿತು. ಆದರೆ 1989ರ ಜೂನಿನ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಮೂರು ಬಗೆಯ ವಾರ್ಷಿಕ ಶುಲ್ಕಗಳನ್ನು ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟುಗಳಿಗೆ ಕರ್ನಾಟಕದವರಿಂದ 25,000, ಹೊರರಾಜ್ಯದವರಿಂದ 60,000.

ಉತ್ತರ ಪ್ರದೇಶದ ಮೀರತ್ ಊರಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ 1991ರಲ್ಲಿ ತುಮಕೂರಿನ ಖಾಸಗಿ ಕಾಲೇಜೊಂದಕ್ಕೆ ಅರ್ಜಿ ಹಾಕಿದರು. ಮೊದಲ ವರ್ಷಕ್ಕೆ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳಿಗೆ ಬ್ಯಾಂಕಿನ ಖಾತರಿ ಒದಗಿಸಬೇಕೆಂಬ ಉತ್ತರ ಬಂದಿತು. ಅವರ ತಂದೆಗೆ ಅದು ಸಾಧ್ಯವಾಗಲಿಲ್ಲ. 1992ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು, ವಿದ್ಯೆಯ ಹಕ್ಕು ಬದುಕುವ ಹಕ್ಕಿನ ಭಾಗವೆಂದೂ, ವಿದ್ಯೆಯನ್ನು ಬೆಲೆಗೆ ಮಾರುವುದು ಸಂವಿಧಾನಕ್ಕೆ ವಿರುದ್ಧವೆಂದೂ ತೀರ್ಪಿತ್ತಿತು. ಇಷ್ಟಾಗಿಯೂ ಆ ವಿದ್ಯಾರ್ಥಿನಿಗೆ ಸೀಟು ದೊರೆಯಲಿಲ್ಲ. ತರಗತಿಗಳು ಆರಂಭವಾಗಿ ಬಹುಕಾಲ ಕಳೆದಿತ್ತು; ಅವರ ಪ್ರವೇಶ ಅರ್ಹತಾಕ್ರಮದಿಂದ ಬಂದುದೂ ಆಗಿರಲಿಲ್ಲ. ತೀರ್ಪು ದೇಶದ ಪಾಲಿಗೆ ಬಂದಿತು. ಕೇಳಿದವರ ಕೈ ಬರಿದಾಗಿಯೇ ಉಳಿಯಿತು.

ಎಲ್ಲರ ಕಣ್ಣೆದುರಿಗೆ

1993ರ ಫೆಬ್ರವರಿ 4ರ ‘ಉನ್ನಿಕೃಷ್ಣನ್’ ತೀರ್ಪು ಒಂದು ಯೋಜನೆಯನ್ನೇ ರೂಪಿಸಿಕೊಟ್ಟಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಅರ್ಧದಷ್ಟು ಸೀಟುಗಳಿಗೆ ಸರ್ಕಾರಿ ಕಾಲೇಜಿನ ಶುಲ್ಕ, ಉಳಿದರ್ಧಕ್ಕೆ ಹೆಚ್ಚಿನ ಶುಲ್ಕ. ಎರಡಕ್ಕೂ ಅರ್ಹತೆಯೇ ಆಧಾರ. ಇದನ್ನು ಕಾರ್ಯಗತ ಮಾಡಲು ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷಾ ಘಟಕ ಸ್ಥಾಪನೆಯಾಯಿತು. ನಮ್ಮ ಜನರ ಬಾಯಲ್ಲಿ ಅದು ‘ಸಿ.ಇ.ಟಿ. ಸೆಲ್’.

ಮೊದಲಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ತಂದೆತಾಯಿಗಳೊಡನೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಮಲ್ಲೇಶ್ವರದ ಸಂಪಿಗೆ ರಸ್ತೆಯ ಕಚೇರಿಯೆದುರು ನೆರೆಯುತ್ತಿದ್ದರು. ಯಾವ ಕಾಲೇಜಿನಲ್ಲಿ ಯಾವ ವರ್ಗಕ್ಕೆ ಎಷ್ಟು ಸೀಟು ಉಳಿದಿದೆ ಎಂಬುದು ಪರದೆಯ ಮೇಲೆ ಮೂಡುತ್ತಿತ್ತು. ರ‍್ಯಾಂಕಿನ ಕ್ರಮದಲ್ಲಿ ಹೆಸರು ಕರೆದಾಗ ಒಳಗೆ ಹೋಗಿ, ಇರುವುದರಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳಬೇಕು. ತನ್ನ ಸರದಿ ಬರುವಷ್ಟರಲ್ಲಿ ಬಯಸಿದ ಕಾಲೇಜು ತುಂಬಿಹೋದುದನ್ನು ಕಂಡು ಕಣ್ಣೀರಿಟ್ಟವರು ಅನೇಕರು. ಆದರೂ ಅಲ್ಲಿ ಒಂದು ಸಮಾಧಾನವಿದ್ದಿತು. ಸೀಟು ಯಾರಿಗೆ ಹೋಯಿತು, ಏಕೆ ಹೋಯಿತು ಎಂಬುದು ಎಲ್ಲರ ಕಣ್ಣೆದುರಿಗೇ ಇದ್ದಿತು. ರೈತನ ಮಗನಿಗೂ ಮಂತ್ರಿಯ ಮಗನಿಗೂ ಸಂಖ್ಯೆ ಒಂದೇ ಸಾಲಿನದು. ಕಾರಣ ತಿಳಿಯುವ ಹಕ್ಕು ನಮ್ಮ ನಾಡಿನಲ್ಲಿ ಕೈಗೂಡಿದ್ದು ಆ ಪರದೆಯ ಮುಂದೆ ಎಂದರೆ ತಪ್ಪಾಗದು.

ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದವರಿಗೆ ಶೇ. 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಎಂಬ ಒಳಮೀಸಲಾತಿಗಳು ರಾಜ್ಯದ ಹಂಚಿಕೆಯಲ್ಲಿ ಸೇರಿದವು. 371 ಜೆ ಅನುಚ್ಛೇದ ಜಾರಿಗೆ ಬಂದ ಮೇಲೆ, 2013ರಿಂದ, ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸ್ಥಾನಗಳು ದೊರೆಯುವಂತಾಯಿತು. ಒಂದು ಕಾಲಕ್ಕೆ ಹೈದರಾಬಾದಿನ ಪತ್ರಕ್ಕಾಗಿ ಕಾದವರ ಮೊಮ್ಮಕ್ಕಳಿಗೆ ಇದು ಸಂದ ನ್ಯಾಯ.

ಕೊನೆಯ ದಿನ

2002ರ ಅಕ್ಟೋಬರ್ 31ರಂದು, ಹನ್ನೊಂದು ನ್ಯಾಯಮೂರ್ತಿಗಳ ಪೀಠವು ‘ಟಿ.ಎಂ.ಎ. ಪೈ ಪ್ರತಿಷ್ಠಾನ’ದ ಮೊಕದ್ದಮೆಯಲ್ಲಿ ಉನ್ನಿಕೃಷ್ಣನ್ ಯೋಜನೆಯನ್ನು ತೆಗೆದುಹಾಕಿತು. 2003 ಮತ್ತು 2005ರಲ್ಲಿ ಮತ್ತೆರಡು ದೊಡ್ಡ ತೀರ್ಪುಗಳು ಬಂದವು. ಸರ್ಕಾರಕ್ಕೆ ಎಷ್ಟು ಸೀಟು, ಆಡಳಿತ ಮಂಡಳಿಗಳಿಗೆ ಎಷ್ಟು, ಶುಲ್ಕವೆಷ್ಟು ಎಂಬ ಮಾತುಕತೆ ಆ ವರ್ಷಗಳಲ್ಲಿ ಬೇಸಗೆ ಬಂದೊಡನೆ ಆರಂಭವಾಗುತ್ತಿತ್ತು. ಅದು ಮುಗಿಯದೆ ಸೀಟು ಹಂಚಿಕೆ ತೊಡಗುವಂತಿರಲಿಲ್ಲ. ದೊಡ್ಡವರ ಒಪ್ಪಂದಕ್ಕಾಗಿ ಹದಿನೆಂಟರ ಹರೆಯದ ಮಕ್ಕಳು ಕಾದರು.

ಕಾಯುವಿಕೆಗೆ ಮಿತಿ ಬೇಕೆಂಬ ವಿಚಾರ ಈ ಅವಧಿಯಲ್ಲಿಯೇ ಗಟ್ಟಿಯಾಯಿತು. ತರಗತಿ ಆರಂಭವಾದ ಮೇಲೆ ವರ್ಷದ ನಡುವೆ ಪ್ರವೇಶ ಕೊಡಲಾಗದೆಂದು 2002ರ ‘ಮಧು ಸಿಂಗ್’ ತೀರ್ಪು ಹೇಳಿತು. ಪರೀಕ್ಷೆ, ಫಲಿತಾಂಶ, ಹಂಚಿಕೆ ಎಲ್ಲವೂ ಗೊತ್ತುಪಡಿಸಿದ ವೇಳಾಪಟ್ಟಿಯಂತೆಯೇ ನಡೆಯಬೇಕೆಂದು 2005ರ ಜನವರಿಯ ‘ಮೃದುಲ್ ಧರ್’ ತೀರ್ಪು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಸೆಪ್ಟೆಂಬರ್ 30 ಪ್ರವೇಶದ ಕಡೆಯ ದಿನವೆಂದು ಸ್ಥಿರವಾಯಿತು.

ಆದರೆ ಅಧಿಕಾರಿಗಳ ತಪ್ಪಿನಿಂದಲೇ ಸೀಟು ಕಳೆದುಕೊಂಡವನ ಪಾಡೇನು? ಕೊನೆಯ ದಿನ ಕಳೆಯಿತೆಂಬ ಒಂದೇ ಮಾತಿನಿಂದ ಅವನ ಬಾಯಿ ಮುಚ್ಚಿಸಬಹುದೆ? 2019ರ ಡಿಸೆಂಬರ್ 13ರ ‘ಕೃಷ್ಣಶ್ರದ್ಧಾ’ ತೀರ್ಪು ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ತನ್ನ ಕಡೆಯಿಂದ ತಪ್ಪಿಲ್ಲದ, ತಡಮಾಡದೆ ನ್ಯಾಯಾಲಯಕ್ಕೆ ಬಂದ ಅರ್ಹ ವಿದ್ಯಾರ್ಥಿಗೆ, ಅಪರೂಪದ ಪ್ರಸಂಗಗಳಲ್ಲಿ, ಆ ದಿನಾಂಕದ ನಂತರ ಒಂದು ತಿಂಗಳೊಳಗೆ ಪ್ರವೇಶ ಕೊಡಿಸಬಹುದು; ಅದು ಸಾಧ್ಯವಾಗದಿದ್ದರೆ ಮುಂದಿನ ವರ್ಷ ಸೀಟು ಕೊಡಿಸಬಹುದು; ಪರಿಹಾರದ ಹಣವನ್ನೂ ವಿಧಿಸಬಹುದು ಎಂಬುದು ಅದರ ಸಾರ. ವಾಚಕರು ಇಲ್ಲಿಯ ‘ತಡಮಾಡದೆ’ ಎಂಬ ಪದವನ್ನು ನೆನಪಿನಲ್ಲಿಡಬೇಕು. ಅನ್ಯಾಯವಾದಾಗ ಸುಮ್ಮನೆ ಕುಳಿತವನಿಗೆ ಈ ತೀರ್ಪಿನ ಆಸರೆ ಇಲ್ಲ.

ಒಂದೇ ಪರೀಕ್ಷೆ, ಲಕ್ಷಾಂತರ ಮಂದಿ

ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ ಇರಬೇಕೆಂಬ ಯೋಜನೆ, ನಾವೆಲ್ಲ ‘ನೀಟ್’ ಎಂದು ಬಲ್ಲದ್ದು, ಮೊದಲ ಬಾರಿಗೆ 2013ರ ಮೇ 5ರಂದು ಕಾರ್ಯರೂಪಕ್ಕೆ ಬಂದಿತು. ಅದೇ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯದ ಬಹುಮತದ ತೀರ್ಪು ಆ ಕ್ರಮವನ್ನೇ ರದ್ದುಮಾಡಿತು. 2016ರ ಏಪ್ರಿಲ್ 11ರಂದು ನ್ಯಾಯಾಲಯ ತನ್ನ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಆ ವರ್ಷ ಮೇ 1ರಂದು ಒಮ್ಮೆ, ಜುಲೈ 24ರಂದು ಇನ್ನೊಮ್ಮೆ ಪರೀಕ್ಷೆ. ನಡುವೆ ಮೇ 24ರಂದು ರಾಜ್ಯಗಳಿಗೆ ಆ ಒಂದು ವರ್ಷದ ಮಟ್ಟಿಗೆ ವಿನಾಯಿತಿ ಕೊಡುವ ಸುಗ್ರೀವಾಜ್ಞೆ. ಯಾವ ಪರೀಕ್ಷೆಗೆ ಓದಬೇಕೆಂಬುದೇ ತಿಳಿಯದೆ ಮಕ್ಕಳು ತತ್ತರಿಸಿದರು. 2017ರಿಂದ ಕನ್ನಡದಲ್ಲಿಯೂ ಪ್ರಶ್ನಪತ್ರಿಕೆ ದೊರೆಯತೊಡಗಿದ್ದು ಸಂತೋಷದ ಸಂಗತಿ.

ಹಲವು ಪರೀಕ್ಷೆಗಳ ತಿರುಗಾಟ ತಪ್ಪಿತೆಂಬುದು ನಿಜ. ಆದರೆ ಒಂದೇ ಕಟ್ಟೆಯಲ್ಲಿ ನೀರೆಲ್ಲ ನಿಂತಾಗ, ಅದರಲ್ಲಿ ಬಿರುಕು ಬಿಟ್ಟರೆ ಎಲ್ಲರ ಹೊಲಕ್ಕೂ ತೊಂದರೆ. ಮಹಾಮಾರಿಯ ಕಾಲದಲ್ಲಿ, 2021ರ ಸೆಪ್ಟೆಂಬರ್ 12ರಂದು ಬರೆದ ಪರೀಕ್ಷೆಯ ಫಲಿತಾಂಶ ನವೆಂಬರ್ 1ರಂದು ಬಂದು, ಅಖಿಲ ಭಾರತ ಸೀಟುಗಳ ಹಂಚಿಕೆ ಆರಂಭವಾದದ್ದು 2022ರ ಜನವರಿಯಲ್ಲಿ. 2024ರಲ್ಲಿ ಮೇ 5ರ ಪರೀಕ್ಷೆಯನ್ನು ಸುಮಾರು 23 ಲಕ್ಷ ವಿದ್ಯಾರ್ಥಿಗಳು ಬರೆದರು. ಪ್ರಶ್ನಪತ್ರಿಕೆ ಸೋರಿಕೆಯ ದೂರುಗಳೆದ್ದವು. ಕೃಪಾಂಕ ಪಡೆದಿದ್ದ 1,563 ಮಂದಿಗೆ ಮರುಪರೀಕ್ಷೆಯ ಅವಕಾಶ ನೀಡಿ ಜೂನ್ 23ರಂದು ಅದನ್ನು ನಡೆಸಲಾಯಿತು. ಇಡೀ ಪರೀಕ್ಷೆಯನ್ನು ರದ್ದುಪಡಿಸಲಾಗದೆಂದು ಜುಲೈ 23ರಂದು ತೀರ್ಪು ಬರುವವರೆಗೆ, ಯಾವ ತಪ್ಪನ್ನೂ ಮಾಡದ ಲಕ್ಷಾಂತರ ಮಕ್ಕಳು, ತಾವು ಬರೆದ ಪರೀಕ್ಷೆ ಉಳಿಯುವುದೋ ಅಳಿಯುವುದೋ ಎಂದು ಕಾದು ಕುಳಿತಿದ್ದರು.

ಕಾಯುವ ಶಕ್ತಿ ಯಾರಿಗಿದೆ?

ಆರಂಭದಲ್ಲಿ ಹೇಳಿದ ಮೂರನೆಯ ವಿಚಾರಕ್ಕೆ ಈಗ ಬರುತ್ತೇನೆ. ಕಾರಣ ತಿಳಿಯುವ ಹಕ್ಕು ಬಂದಿತು. ಕೊನೆಯ ದಿನವೂ ಗೊತ್ತಾಯಿತು. ಆದರೆ ಕಾಯುವ ಶಕ್ತಿ ಎಲ್ಲರಿಗೂ ಸಮನಾಗಿಲ್ಲ. ಒಮ್ಮೆ ಸೀಟು ಬಾರದಿದ್ದರೆ ಇನ್ನೊಂದು ವರ್ಷ ಬಿಟ್ಟು, ಲಕ್ಷಗಟ್ಟಲೆ ಹಣ ತೆತ್ತು ತರಬೇತಿ ಪಡೆದು ಮತ್ತೆ ಬರೆಯುವ ಸೌಕರ್ಯ ಉಳ್ಳವರ ಮಕ್ಕಳಿಗಿದೆ. ಕೂಲಿಕಾರನ ಮಗಳು ಒಂದು ವರ್ಷ ಮನೆಯಲ್ಲಿ ಕುಳಿತರೆ ಓದಲ್ಲ, ಮದುವೆಯ ಮಾತು ಏಳುತ್ತದೆ. ಅಂಕಗಳ ಪಟ್ಟಿ ಈ ವ್ಯತ್ಯಾಸವನ್ನು ಕಾಣದು.

ಈ ಸತ್ಯವನ್ನು ನಮ್ಮ ಹಿರಿಯರು ಕಂಡಿದ್ದರು. ಸಿದ್ಧಗಂಗೆ, ಸುತ್ತೂರು, ಧಾರವಾಡದ ಮುರುಘಾಮಠ ಮೊದಲಾದ ಮಠಗಳು ನಡೆಸಿಕೊಂಡು ಬಂದ ಉಚಿತ ಪ್ರಸಾದ ನಿಲಯಗಳು ಹಳ್ಳಿಯ ಬಡ ಹುಡುಗನಿಗೆ ಅನ್ನದ ಜೊತೆಗೆ ಕಾಲವನ್ನೂ ಕೊಟ್ಟವು. ಹೊಟ್ಟೆಯ ಚಿಂತೆಯಿಲ್ಲದೆ ಪೇಟೆಯಲ್ಲಿದ್ದು, ಓದು ಮುಗಿಸಿ, ಫಲಿತಾಂಶಕ್ಕಾಗಿ ಕಾಯುವ ಧೈರ್ಯ ಅಲ್ಲಿಂದ ಬಂದಿತು. ದಾಸೋಹದ ಈ ಮುಖವನ್ನು ನಾವು ಸಾಕಷ್ಟು ಗುರುತಿಸಿಲ್ಲ. ಆ ಪ್ರಸಾದವನ್ನುಂಡು ಇಂದು ವೈದ್ಯರಾಗಿ, ಅಧಿಕಾರಿಗಳಾಗಿ, ಅಧ್ಯಾಪಕರಾಗಿ ಇರುವ ತಾವು ಈಗ ಮಾಡಬಹುದಾದ ಕೆಲಸಗಳು ದೊಡ್ಡವೇನೂ ಅಲ್ಲ, ಆದರೆ ತುರ್ತಿನವು.

ತಮ್ಮ ಊರಿನ ಯಾವ ಮಕ್ಕಳು ಈ ವರ್ಷ ಅರ್ಜಿ ಹಾಕಲಿದ್ದಾರೆಂಬುದನ್ನು ವಿಚಾರಿಸಿರಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕಾದ ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗದ ಪತ್ರ, ಕಲ್ಯಾಣ ಕರ್ನಾಟಕದವರಾದರೆ ಉಪವಿಭಾಗಾಧಿಕಾರಿಗಳಿಂದ 371 ಜೆ ಅರ್ಹತಾ ಪತ್ರ ಇವು ಪರೀಕ್ಷೆಗೆ ಮುಂಚೆಯೇ ಕೈಸೇರುವಂತೆ ನೋಡಿಕೊಳ್ಳಿರಿ. ಒಂದು ಕಾಗದದ ಕೊರತೆಯಿಂದ ಹತ್ತು ವರ್ಷ ಹಳ್ಳಿಯಲ್ಲಿ ಓದಿದ ಫಲ ಕೈತಪ್ಪಬಾರದು. ಕಾಲೇಜುಗಳ ಆಯ್ಕೆಯ ಪಟ್ಟಿಯನ್ನು ತುಂಬುವಾಗ ಪಕ್ಕದಲ್ಲಿ ಕುಳಿತು, ಬಯಕೆಯ ಕ್ರಮದಲ್ಲಿಯೇ ಬರೆಯಿಸಿರಿ. ಅಣಕು ಹಂಚಿಕೆಯ ಫಲವನ್ನು ನೋಡಿ ಅದನ್ನು ತಿದ್ದಿಕೊಳ್ಳಲು ಅವಕಾಶವಿರುತ್ತದೆ. ನಿಯಮಗಳು ವರ್ಷವರ್ಷಕ್ಕೆ ಬದಲಾಗುವುದರಿಂದ ಕಳೆದ ವರ್ಷದ ಅನುಭವವನ್ನೇ ನೆಚ್ಚದೆ ಆ ವರ್ಷದ ಸೂಚನಾಪತ್ರವನ್ನು ಓದಿ ಹೇಳಿರಿ. ಸೀಟು ಕೊಡಿಸುವೆನೆಂದು ಮನೆಗೆ ಬರುವ ದಲ್ಲಾಳಿಗೆ ಕಾಸು ಕೊಡದಂತೆ ತಂದೆತಾಯಿಗಳನ್ನು ಎಚ್ಚರಿಸಿರಿ.

ಎಲ್ಲಕ್ಕಿಂತ ಮಿಗಿಲಾಗಿ, ಕಾಯುತ್ತಿರುವ ಮಗುವಿನ ಎದುರು ಆಡುವ ಮಾತಿನ ಮೇಲೆ ಹಿಡಿತವಿರಲಿ. ನೆರೆಮನೆಯವರ ಮಗನಿಗೆ ಸೀಟಾಯಿತಂತೆ ಎಂಬ ಒಂದು ಮಾತು ಆ ದಿನಗಳಲ್ಲಿ ಚೂರಿಯಂತೆ ನಾಟುತ್ತದೆ. ರಾಜಸ್ಥಾನದ ಕೋಟಾ ನಗರದ ತರಬೇತಿ ಕೇಂದ್ರಗಳಿಗೆ ಹೋದ ಮಕ್ಕಳಲ್ಲಿ ಕೆಲವರು ಜೀವವನ್ನೇ ಕಳೆದುಕೊಂಡ ವಾರ್ತೆಗಳನ್ನು ತಾವೂ ಓದಿರುವಿರಿ. ಆಯುರ್ವೇದ, ಶುಶ್ರೂಷೆ, ಔಷಧ ವಿಜ್ಞಾನ, ಮೂಲ ವಿಜ್ಞಾನಗಳ ದಾರಿಗಳೂ ರೋಗಿಯ ಸೇವೆಗೆ ಒಯ್ಯುವ ದಾರಿಗಳೇ ಎಂಬುದನ್ನು ಫಲಿತಾಂಶಕ್ಕೆ ಮುಂಚೆಯೇ ಮನೆಯಲ್ಲಿ ಮಾತನಾಡಿರಿ. ಸೀಟು ತಪ್ಪಿದ ಮೇಲೆ ಆಡಿದರೆ ಅದು ಬರಿಯ ಸಮಾಧಾನದ ಮಾತಾಗುತ್ತದೆ.

ನೂರು ವರ್ಷಗಳ ಹಿಂದೆ ಇಡೀ ಕನ್ನಡ ನಾಡಿಗೆ ವೈದ್ಯಕೀಯ ಕಾಲೇಜೊಂದೇ ಇದ್ದಾಗ ಕಾದವರಿಗೆ ಪಟ್ಟಿಯೂ ಇರಲಿಲ್ಲ, ಕೇಳುವ ನ್ಯಾಯಪೀಠವೂ ಇರಲಿಲ್ಲ. ಇಂದು ಎರಡೂ ಇವೆ. ಅವುಗಳನ್ನು ಗಳಿಸಿಕೊಟ್ಟವರಲ್ಲಿ ಸ್ವತಃ ಸೀಟು ಕಾಣದವರೂ ಇದ್ದಾರೆ. ಅವರ ಋಣವನ್ನು ತೀರಿಸುವ ಬಗೆಯೆಂದರೆ, ಬಡತನದ ಕಾರಣದಿಂದ ಯಾವ ಮಗುವೂ ಆ ಸಾಲನ್ನು ಅರ್ಧದಲ್ಲಿ ಬಿಟ್ಟು ಹೋಗದಂತೆ ನೋಡಿಕೊಳ್ಳುವುದು. ಮುಂಬರುವ ಪ್ರವೇಶದ ದಿನಗಳಲ್ಲಿ ತಾವೆಲ್ಲರೂ ತಮ್ಮ ತಮ್ಮ ಊರುಗಳಲ್ಲಿ ಈ ಕಾರ್ಯಕ್ಕೆ ಮುಂದಾಗುವಿರೆಂದು ಆಶಿಸುತ್ತೇನೆ.